ನಿದ್ದೆಗೆಂದು ನಿಲ್ಲಿಸಿದ ಪಂಪು

ನನ್ನ ಕಡಲನೀರಿನ ಅಕ್ವೇರಿಯಂನ ಮೀನುಗಳು ಸತ್ತದ್ದು ರೋಗ ಬಂದಲ್ಲ, ಉಪ್ಪು ಹೆಚ್ಚುಕಡಿಮೆಯಾಗಿಯೂ ಅಲ್ಲ. ಮನೆಯಲ್ಲಿ ಎಲ್ಲರಿಗೂ ಸರಿಯಾಗಿ ನಿದ್ದೆ ಬರಲಿ ಎಂದು ನಾನು ರಾತ್ರಿ ಹೊತ್ತು ಪಂಪು ನಿಲ್ಲಿಸಿದೆ. ಅದರಿಂದ ಸತ್ತವು. ಈ ಹವ್ಯಾಸವನ್ನು ಹೊಸದಾಗಿ ಹಿಡಿದವರು ಯಾರಾದರೂ ‘ರಾತ್ರಿ ಸದ್ದು ತಡೆಯೋಕಾಗ್ತಿಲ್ಲ, ಏನು ಮಾಡಲಿ’ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಸದ್ದು ಇಳಿಸುವ ಉಪಾಯಗಳೆಲ್ಲ ಆಮೇಲೆ.

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿರುವುದು ನಾಲ್ಕಡಿ ಉದ್ದದ ತೊಟ್ಟಿ. ಸುಮಾರು 250 ಲೀಟರ್ ನೀರು, ಲೀಟರಿಗೆ 35 ಗ್ರಾಂ ಉಪ್ಪು. ಗಟ್ಟಿ ಹವಳಗಳನ್ನು ನಾನು ಸಾಕುವುದಿಲ್ಲ. ನಮ್ಮ ದೇಶದಲ್ಲಿ ಅವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೇತ್ರಾಣಿ ದ್ವೀಪದ ಸುತ್ತ ನೀರಿನಲ್ಲಿ ಅವುಗಳನ್ನು ನೋಡಿದವನಿಗೆ ಮನೆಗೆ ತರುವ ಆಸೆ ಹುಟ್ಟಲೂ ಬಾರದು. ನನ್ನಲ್ಲಿದ್ದದ್ದು ಕಲ್ಲು, ಮರಳು, ಒಂದು ಜೋಡಿ ಕ್ಲೌನ್ ಮೀನು, ಕೆಲವು ಕಾರ್ಡಿನಲ್ ಮೀನುಗಳು, ನೇರಳೆ ಮತ್ತು ಕಿತ್ತಳೆ ಬಣ್ಣದ ಒಂದು ಪುಟ್ಟ ಏಂಜೆಲ್ ಮೀನು, ಎರಡು ಕ್ಲೀನರ್ ಸಿಗಡಿ. ತೊಟ್ಟಿಯ ಮೂಲೆಯಲ್ಲೊಂದು ಗಾಜಿನ ಓವರ್‌ಫ್ಲೋ ಪೆಟ್ಟಿಗೆ. ಅದರ ಅಂಚು ದಾಟಿದ ನೀರು ಪೈಪಿನಲ್ಲಿ ಕೆಳಗಿನ ಕ್ಯಾಬಿನೆಟ್‌ನೊಳಗಿರುವ ಸಂಪ್‌ಗೆ ಇಳಿಯುತ್ತದೆ. ಅಲ್ಲಿ ಸ್ಕಿಮ್ಮರ್ ನೊರೆ ಎಬ್ಬಿಸಿ ಕೊಳೆ ತೆಗೆಯುತ್ತದೆ, ರಿಟರ್ನ್ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಸಿಹಿನೀರಿನ ತೊಟ್ಟಿ ಇಟ್ಟು ಅಭ್ಯಾಸವಿದ್ದವರಿಗೂ ಈ ಏರ್ಪಾಟಿನ ಗದ್ದಲ ಹೊಸದು. ಹಗಲು ಬೀದಿಯ ಸದ್ದಿನಲ್ಲಿ ಅದು ಮುಚ್ಚಿಹೋಗಿರುತ್ತದೆ. ಹನ್ನೊಂದು ಗಂಟೆ ಕಳೆದು ಗಾಡಿಗಳ ಓಡಾಟ ನಿಂತ ಮೇಲೆ ಇಡೀ ಮನೆಯಲ್ಲಿ ಕೇಳುವುದು ಅದೊಂದೇ.

ಆಯಿ, ಅಂದರೆ ನನ್ನ ಅಮ್ಮ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿನಿಂದ ಬಂದಿದ್ದರು. ಹೊನ್ನಾವರದ ಹತ್ತಿರ, ಕಡಲ ಅಲೆಯ ಸದ್ದು ಕೇಳುವಷ್ಟು ದೂರದ ಮನೆಯಲ್ಲೇ ಜೀವನ ಕಳೆದವರು. ಮಳೆಗಾಲದಲ್ಲಿ ಆ ಕಡಲು ರಾತ್ರಿಯಿಡೀ ಹೇಗೆ ಮೊರೆಯುತ್ತದೆ ಎಂದು ಅಲ್ಲಿ ಮಲಗಿದವರಿಗೆ ಗೊತ್ತು. ಅದರಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವ ಆಯಿಗೆ ನನ್ನ ತೊಟ್ಟಿಯ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಲಾಗಲಿಲ್ಲ. ‘ತಮಾ, ಈ ನೀರು ರಾತ್ರಿ ಸಹ ಸುಮ್ನಿರುದಿಲ್ವಾ?’ ಎಂದು ಕೇಳಿದರು. ದೂರಿನ ದನಿಯೇನಲ್ಲ, ಮಗನ ಮನೆಯಲ್ಲಿ ದೂರಬಾರದು ಎಂಬ ಸಂಕೋಚ ಇತ್ತು. ಅದೇ ವಾರ ಕೆಳಗಿನ ಮಹಡಿಯವರು ಲಿಫ್ಟಿನ ಹತ್ತಿರ ಸಿಕ್ಕಿ, ‘ಸಾರ್, ತಪ್ಪು ತಿಳ್ಕೋಬೇಡಿ, ರಾತ್ರಿ ನಿಮ್ಮನೇಲಿ ಏನಾದ್ರೂ ಮೋಟರ್ ಓಡ್ತಾ ಇರುತ್ತಾ? ನಮ್ಮ ಬೆಡ್‌ರೂಮಿಗೆ ಗುಂಯ್ ಅಂತ ಕೇಳುತ್ತೆ’ ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಗ ಮಾಡಿದ್ದನ್ನು ಮರೆಮಾಚದೆ ಹೇಳುತ್ತೇನೆ. ಸ್ಕಿಮ್ಮರಿಗೂ ರಿಟರ್ನ್ ಪಂಪಿಗೂ ಟೈಮರ್ ಹಾಕಿದೆ. ರಾತ್ರಿ ಹತ್ತೂವರೆಗೆ ಬಂದ್, ಬೆಳಗ್ಗೆ ಐದೂವರೆಗೆ ಚಾಲೂ. ತೊಟ್ಟಿಯೊಳಗೆ ನೀರು ತಿರುಗಿಸುವ ವೇವ್‌ಮೇಕರ್ ಉಳಿಯಿತು, ಅದರ ವೇಗವನ್ನೂ ಕಡಿಮೆ ಮಾಡಿ ಮುಖವನ್ನು ತಳದ ಕಡೆ ತಿರುಗಿಸಿದೆ. ತೊಟ್ಟಿಯ ಬಾಯಿಗೆ ಗಾಜಿನ ಮುಚ್ಚಳ ಪೂರ್ತಿ ಎಳೆದೆ. ಕ್ಯಾಬಿನೆಟ್‌ನ ಒಳಗೋಡೆಗಳಿಗೆ ಫೋಮ್ ಹಾಳೆ ಅಂಟಿಸಿ ಹಿಂದಿನ ಗಾಳಿಕಿಂಡಿಗಳನ್ನೂ ಮುಚ್ಚಿದೆ. ಮನೆ ಶಾಂತವಾಯಿತು. ಆಯಿ ಮಲಗಿದರು. ಕೆಳಗಿನವರು ಥ್ಯಾಂಕ್ಸ್ ಹೇಳಿದರು. ಮೀನುಗಳು ಕೆಲವು ವಾರ ಏನೂ ತೋರಿಸಲಿಲ್ಲ. ಹಾಗೆ ತೋರಿಸದೇ ಇದ್ದದ್ದೇ ನನ್ನನ್ನು ಮೋಸಗೊಳಿಸಿತು. ‘ನೋಡು, ಏನೂ ಆಗಲಿಲ್ಲವಲ್ಲ’ ಎಂದುಕೊಂಡೆ.

ಏಪ್ರಿಲ್ ಬಂತು. ನೀರಿನ ಬಿಸಿ 26 ಡಿಗ್ರಿಯಿಂದ 29ಕ್ಕೆ, ಒಂದೊಂದು ದಿನ 30ಕ್ಕೆ ಏರಿತು. ಒಂದು ಸಂಜೆ ಮನೆಗೆ ಬಂದ ಮಕ್ಕಳು ಮೀನಿಗೆ ಆಹಾರ ಹಾಕಿದರು, ಸ್ವಲ್ಪ ಹೆಚ್ಚೇ ಹಾಕಿದರು, ನಾನು ತಡೆಯಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು ನೋಡಿದರೆ ಕ್ಲೌನ್ ಮೀನುಗಳೆರಡೂ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಕಿವಿರು ಬಡಿಯುತ್ತಿದ್ದವು. ಏಂಜೆಲ್ ಕಲ್ಲಿನ ಸಂದಿಯಲ್ಲಿ ಬಾಯಿ ಅಗಲಿಸಿ ಬಿದ್ದಿತ್ತು. ಕಾರ್ಡಿನಲ್‌ಗಳಲ್ಲಿ ಒಂದೂ ಉಳಿದಿರಲಿಲ್ಲ. ಸಿಗಡಿಗಳು ಮರಳಿನ ಮೇಲೆ. ಅಷ್ಟು ಹೊತ್ತಿಗೆ ಟೈಮರ್ ಪಂಪನ್ನು ಚಾಲೂ ಮಾಡಿ ಆಗಿತ್ತು. ರಾತ್ರಿಯಿಡೀ ಸಂಪ್‌ನಲ್ಲಿ ಕೊಳೆಯ ನಡುವೆ ನಿಂತು ಉಸಿರು ಕಳೆದುಕೊಂಡ ನೀರನ್ನು ಅದು ಮೇಲಿನ ಮೀನುಗಳಿಗೆ ಕಳಿಸುತ್ತಿತ್ತು. ಆ ಏಂಜೆಲ್ ಮೀನು ನಮ್ಮ ಮನೆಗೆ ಬಂದು ವರ್ಷಗಳೇ ಆಗಿದ್ದವು. ನಾನು ಹಾಲಿಗೆ ಬಂದರೆ ಗಾಜಿನ ಬಳಿ ಬರುತ್ತಿತ್ತು.

ಅದಾದ ಮೇಲೆ ಹೊಸದಾಗಿ ಓದಿದ್ದಕ್ಕಿಂತ ಹೆಚ್ಚಾಗಿ, ಮೊದಲೇ ಓದಿ ತಿಳಿದಿದ್ದರೂ ಲೆಕ್ಕಕ್ಕೆ ಹಿಡಿಯದಿದ್ದ ಸಂಗತಿಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಉಪ್ಪು ಕರಗಿದ ನೀರಿನಲ್ಲಿ ಆಮ್ಲಜನಕಕ್ಕೆ ಜಾಗ ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲನೀರು 6.7ರ ಆಸುಪಾಸು. ಬಿಸಿ 30ಕ್ಕೆ ಏರಿದರೆ ಅದು 6.2ಕ್ಕೆ ಇಳಿಯುತ್ತದೆ. ಇದು ನೀರು ತುಂಬಿಕೊಳ್ಳಬಲ್ಲ ಗರಿಷ್ಠ ಪ್ರಮಾಣ. ತೊಟ್ಟಿಯಲ್ಲಿ ನಿಜವಾಗಿ ಇರುವುದು ಇನ್ನೂ ಕಡಿಮೆ. ಹಗಲು ಕಲ್ಲಿನ ಮೇಲಿನ ಪಾಚಿ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ. ದೀಪ ಆರಿದ ಮೇಲೆ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನೂ ಎಳೆಯುತ್ತದೆ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಎಳೆಯುತ್ತವೆ. ಉಳಿದ ಆಹಾರ ಕೊಳೆಯುವುದಕ್ಕೂ ಅದೇ ಬೇಕು. ಎಲ್ಲರೂ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನಲ್ಲೇ ಕೂಡಿ ಪಿಎಚ್ ಇಳಿಯುತ್ತದೆ. ನನ್ನ ತೊಟ್ಟಿಯಲ್ಲಿ ಸಂಜೆ 8.2 ಇದ್ದದ್ದು ಬೆಳಗಿನ ಜಾವಕ್ಕೆ 7.8 ಆಗಿರುವುದನ್ನು ಆಮೇಲೆ ಅಳೆದು ನೋಡಿದೆ. ಅಂದರೆ ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಈ ನೀರಿಗೆ ಅತಿ ಬಡ ಹೊತ್ತು. ಹೊರಗಿನ ಗಾಳಿಯಿಂದ ಆಮ್ಲಜನಕ ಒಳಗೆ ಬರುವ ದಾರಿಗಳು ಮೂರಿದ್ದವು: ಓವರ್‌ಫ್ಲೋದಲ್ಲಿ ನೀರು ಬೀಳುವ ಜಾಗ, ಸ್ಕಿಮ್ಮರಿನ ನೊರೆ, ಮೇಲ್ಮೈಯ ಅಲುಗಾಟ. ನಾನು ಮೂರನ್ನೂ ಅದೇ ಹೊತ್ತಿಗೆ ಮುಚ್ಚಿದ್ದೆ. ಮೇಲ್ಮೈಯ ಎಣ್ಣೆಪೊರೆಯನ್ನು ಎಳೆದೊಯ್ಯುತ್ತಿದ್ದದ್ದೂ ಓವರ್‌ಫ್ಲೋವೇ; ಅದು ನಿಂತಾಗ ನೀರಿನ ಮೇಲೆ ಪೊರೆ ಕಟ್ಟಿತು, ಅದರ ಮೇಲೆ ಗಾಜಿನ ಮುಚ್ಚಳ ಬೇರೆ.

ಹಾಗಾದರೆ ಆಯಿಯ ನಿದ್ದೆ? ಕೆಳಗಿನವರ ನಿದ್ದೆ? ಅವರು ಹೇಳಿದ್ದೂ ನ್ಯಾಯವೇ. ನಮ್ಮ ಶಬ್ದಮಾಲಿನ್ಯ ನಿಯಮಗಳು 2000ರಿಂದ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಇನ್ನೂ ಮುಂದೆ ಹೋಗಿ, ಮಲಗುವ ಕೋಣೆಯೊಳಗೆ ಒಂದೇ ಸಮ ಇರುವ ಸದ್ದು 30 ಡೆಸಿಬಲ್ ಮೀರಬಾರದು ಎಂದಿತು. ಒಂದೇ ಸಮ ಇರುವ ಸದ್ದನ್ನೂ ಆಗಾಗ ಎದ್ದು ಬೀಳುವ ಸದ್ದನ್ನೂ ಅದು ಬೇರೆಬೇರೆ ಲೆಕ್ಕ ಹಾಕಿತ್ತು. ಆಯಿಗೆ ಕಡಲಿನ ಮೊರೆತದಲ್ಲಿ ನಿದ್ದೆ ಬರುತ್ತಿದ್ದದ್ದಕ್ಕೂ ನನ್ನ ಪೈಪಿನ ಗೊಟಕಿಗೆ ಎಚ್ಚರವಾಗುತ್ತಿದ್ದದ್ದಕ್ಕೂ ಕಾರಣ ಅಲ್ಲಿ ಸಿಕ್ಕಿತು. ಹದವಾಗಿ ಏರಿ ಇಳಿಯುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದ ಸದ್ದಿಗಾಗಿ ಅದು ಕಾಯುತ್ತಾ ಕೂರುತ್ತದೆ. ತೊಟ್ಟಿಯನ್ನು ಮೂಕ ಮಾಡುವ ಅಗತ್ಯ ಇರಲೇ ಇಲ್ಲ. ಎಲ್ಲಿ ಗಾಳಿ ಇರಬಾರದೋ ಅಲ್ಲಿ ಗಾಳಿ ಸೇರಿಕೊಂಡಿದೆಯೇ, ಯಾವುದು ಯಾವುದಕ್ಕೆ ತಾಗಬಾರದೋ ಅದು ತಾಗುತ್ತಿದೆಯೇ ಎಂದು ನೋಡಬೇಕಿತ್ತು.

ಅದನ್ನು ನೋಡುವುದು ಕಷ್ಟದ ಕೆಲಸವೇನಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಒಂದೊಂದೇ ಸಾಧನವನ್ನು ಒಂದೆರಡು ನಿಮಿಷ ಮಾತ್ರ ನಿಲ್ಲಿಸಿ, ಯಾವ ಸದ್ದು ಹೋಯಿತು ಎಂದು ಕೇಳಿಸಿಕೊಂಡೆ. ಕ್ಯಾಬಿನೆಟ್ಟಿಗೂ ಗೋಡೆಗೂ ನೆಲಕ್ಕೂ ಅಂಗೈ ಇಟ್ಟು ನೋಡಿದೆ. ಒಂದೇ ಗದ್ದಲ ಎಂದುಕೊಂಡದ್ದು ಬಿಡಿಬಿಡಿಯಾಗಿ ಸಿಕ್ಕಿತು. ಇಳಿಯುವ ಪೈಪಿನ ಗುಳುಗುಳು, ಓವರ್‌ಫ್ಲೋ ಪೆಟ್ಟಿಗೆಯೊಳಗೆ ನೀರು ಧುಮುಕುವ ಸದ್ದು, ಸ್ಕಿಮ್ಮರ್ ಗಾಳಿ ಎಳೆಯುವ ಸುಯ್‌ಗುಟ್ಟುವಿಕೆ, ಪಂಪಿನ ಗುಂಯ್. ಬೆಳಗಿನ ಜಾವ ಮಾತ್ರ ಬರುವ ಇನ್ನೊಂದು ಹೀರುವ ಸದ್ದೂ ಇತ್ತು, ಅದರ ಮಾತು ಆಮೇಲೆ.

ಮೊದಲೆರಡಕ್ಕೂ ಬೇರು ಒಂದೇ. ನೀರು ತುಂಬಿದ ಕೊಡವನ್ನು ಒಮ್ಮೆಲೇ ಬಗ್ಗಿಸಿದರೆ ಗೊಳಗೊಳ ಎನ್ನುವುದು ನೀರು ಹೊರಬರುವ ದಾರಿಯಲ್ಲೇ ಗಾಳಿ ಒಳಗೆ ಹೋಗುವುದರಿಂದ. ನನ್ನ ಇಳಿಯುವ ಪೈಪಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಅದೇ ನಡೆಯುತ್ತಿತ್ತು. ಪೈಪು ತುಂಬಿ ಸೈಫನ್ ಹಿಡಿದು ನೀರನ್ನು ಸರ್ರನೆ ಎಳೆದು, ಪೆಟ್ಟಿಗೆಯ ಮಟ್ಟ ಕುಸಿದು ಗಾಳಿ ಹೊಕ್ಕು ಸೈಫನ್ ಮುರಿದು, ಮತ್ತೆ ತುಂಬುತ್ತಿತ್ತು. ಇದಕ್ಕೆ ಹಲವರು ಹಲವು ವಿನ್ಯಾಸ ಮಾಡಿದ್ದಾರೆ. ಡರ್ಸೊ ಎಂಬ ಹವ್ಯಾಸಿಯ ಹೆಸರಿನ ನಿಲುಪೈಪು ಗಾಳಿಗೆ ಬೇರೆ ತೂತು ಕೊಟ್ಟು ಗೊಟಕನ್ನು ತಗ್ಗಿಸುತ್ತದೆ. ನನಗೆ ಒಪ್ಪಿಗೆಯಾದದ್ದು ಹರ್ಬಿ ಎಂದು ಕರೆಯುವ ಎರಡು ಪೈಪಿನ ಕ್ರಮ. ಒಂದು ಪೈಪಿನಲ್ಲಿ ಗಾಳಿಯೇ ಇಲ್ಲದಂತೆ ಪೂರ್ತಿ ನೀರು ಇಳಿಯಬೇಕು, ಅದರ ತುದಿಯಲ್ಲಿ ಗೇಟ್ ವಾಲ್ವ್. ಇನ್ನೊಂದು ಪೈಪಿನ ಬಾಯಿ ಸ್ವಲ್ಪ ಎತ್ತರದಲ್ಲಿ, ಬಹುಮಟ್ಟಿಗೆ ಖಾಲಿಯಾಗಿ, ಆಪತ್ತಿಗೆ ಕಾದಿರುತ್ತದೆ. ಬೀನ್‌ಅನಿಮಲ್ ಎಂಬ ಮೂರು ಪೈಪಿನ ಕ್ರಮ ಇನ್ನೂ ಭದ್ರ, ಆದರೆ ನನ್ನ ತೊಟ್ಟಿಯ ತಳದಲ್ಲಿ ಇದ್ದದ್ದು ಎರಡೇ ತೂತು: ಒಂದು ನೀರು ಇಳಿಯಲು, ಇನ್ನೊಂದು ಪಂಪಿನ ನೀರು ಮೇಲೆ ಬರಲು. ಎರಡನೆಯದನ್ನು ಆಪತ್ತಿನ ಪೈಪಾಗಿ ಮಾಡಿ, ಪಂಪಿನ ಪೈಪನ್ನು ತೊಟ್ಟಿಯ ಹಿಂಬದಿಯಿಂದ ಅಂಚಿನ ಮೇಲೆ ಹಾಯಿಸಿದೆ. ನೋಡಲು ಅಷ್ಟು ಚೆಂದವಿಲ್ಲ. ನನಗೆ ಅದರ ಬೇಸರವಿಲ್ಲ.

ಗೇಟ್ ವಾಲ್ವ್ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ಲಂಬಿಂಗ್ ಅಂಗಡಿಯಲ್ಲಿ ಥಟ್ಟನೆ ಕೈಗೆ ಸಿಗುವುದು ಬಾಲ್ ವಾಲ್ವ್. ಅದರ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ನೀರಿನ ಹರಿವಿನಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಗೇಟ್ ವಾಲ್ವ್‌ನಲ್ಲಿ ಕಾಲು ಸುತ್ತು ತಿರುಗಿಸಿ, ನಿಮಿಷಗಟ್ಟಲೆ ಕಾದು, ಪೆಟ್ಟಿಗೆಯ ನೀರು ಎಲ್ಲಿ ನಿಲ್ಲುತ್ತದೆ ನೋಡಿ, ಮತ್ತೆ ಕಾಲು ಸುತ್ತು. ಪೆಟ್ಟಿಗೆಯ ನೀರು ಅಂಚಿನ ಹತ್ತಿರಕ್ಕೆ ಏರಿ ನಿಂತಾಗ ಧುಮುಕುವ ಎತ್ತರ ಒಂದು ಗೇಣಿನಿಂದ ಎರಡು ಬೆರಳಿಗೆ ಇಳಿಯಿತು, ಆ ಸದ್ದೂ ಹೋಯಿತು. ಆಪತ್ತಿನ ಪೈಪಿನ ಬಾಯಲ್ಲಿ ಒಂದೆಳೆ ನೀರು ಮಾತ್ರ ಸದ್ದಿಲ್ಲದೆ ಜಾರುವಂತೆ ಬಿಟ್ಟರೆ ಮಟ್ಟ ಸ್ಥಿರವಾಗಿರುತ್ತದೆ. ಸೈಫನ್ ಪೈಪಿನ ತುದಿ ಸಂಪ್‌ನ ನೀರಿನಲ್ಲಿ ಒಂದಿಂಚು ಮಾತ್ರ ಮುಳುಗಿರಬೇಕು. ಆಳಕ್ಕೆ ಇಳಿಸಿದರೆ ಕರೆಂಟ್ ಹೋಗಿ ಬಂದಾಗ ಪೈಪಿನಲ್ಲಿ ಸಿಕ್ಕ ಗಾಳಿ ಹೊರಹೋಗಲಾರದೆ ಸೈಫನ್ ಹಿಡಿಯುವುದೇ ಇಲ್ಲ. ಶಂಖದ ಹುಳು ಹತ್ತಿ ಪೈಪಿನ ಬಾಯಿ ಮುಚ್ಚದಂತೆ ಜಾಲರಿ ಬೇಕು. ರಾತ್ರಿ ಪಂಪನ್ನು ನಿಧಾನ ಮಾಡುವ ಆಸೆಯನ್ನೂ ಇಲ್ಲಿ ಬಿಡಬೇಕಾಗುತ್ತದೆ. ಹಗಲಿನ ಹರಿವಿಗೆ ಹದ ಮಾಡಿದ ಸೈಫನ್, ಹರಿವು ಕಡಿಮೆಯಾದರೆ ಬರುವುದಕ್ಕಿಂತ ಹೆಚ್ಚು ಎಳೆದು, ಗಾಳಿ ನುಂಗಿ, ಮತ್ತೆ ಗೊಳಗೊಳ ಶುರು ಮಾಡುತ್ತದೆ. ಹಗಲೂ ರಾತ್ರಿಯೂ ಒಂದೇ ವೇಗ ಇರಲಿ.

ಕೆಳಗಿನ ಮನೆಗೆ ಇಳಿಯುತ್ತಿದ್ದದ್ದು ಬೇರೆಯದೇ ಸದ್ದು. ನಮ್ಮ ವಿದ್ಯುತ್ತು 50 ಹರ್ಟ್ಸ್. ಎಸಿ ಪಂಪಿನ ಸುರುಳಿ ಅದರ ಎರಡು ಪಟ್ಟು, 100 ಹರ್ಟ್ಸಿನಲ್ಲಿ ಕಂಪಿಸುತ್ತದೆ. ಅಂಥ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ಗಟ್ಟಿ ವಸ್ತುವಿನಲ್ಲಿ ಸಲೀಸಾಗಿ ಹೋಗುತ್ತದೆ. ಪಂಪಿನಿಂದ ಪಿವಿಸಿ ಪೈಪಿಗೆ, ಪೈಪಿನಿಂದ ಪ್ಲೈವುಡ್ಡಿಗೆ, ಪ್ಲೈವುಡ್ಡಿನಿಂದ ನೆಲದ ಕಾಂಕ್ರೀಟಿಗೆ. ನಾನು ಕ್ಯಾಬಿನೆಟ್‌ನೊಳಗೆ ಫೋಮ್ ಅಂಟಿಸಿದ್ದು ಈ ದಾರಿಗೆ ಏನೂ ಮಾಡಿರಲಿಲ್ಲ. ಒಳಗಿನ ಬಿಸಿ ಮತ್ತು ತೇವವನ್ನು ಮಾತ್ರ ಹೆಚ್ಚಿಸಿತ್ತು. ಪಂಪಿನ ಬಾಯಿಗೆ ಒಂದು ಗೇಣು ಮೆದು ಸಿಲಿಕೋನ್ ಪೈಪು ಸೇರಿಸಿದೆ. ಪಂಪಿನಡಿಗೆ ಸಿಲಿಕೋನ್ ಪಾದ ಇಟ್ಟೆ. ಪೈಪು ಪ್ಲೈವುಡ್ಡಿನ ತೂತು ಹಾಯುವಲ್ಲಿ ಅಂಚಿಗೆ ತಾಗದಂತೆ ತೂತನ್ನೇ ದೊಡ್ಡದು ಮಾಡಿಸಿದೆ. ಕೊನೆಗೆ ಡಿಸಿ ಪಂಪು ತಂದೆ, ಗುಂಯ್ ಬಹುಪಾಲು ಹೋಯಿತು. ತೊಟ್ಟಿಯ ಸ್ಟ್ಯಾಂಡಿನ ಕಾಲುಗಳಡಿ ರಬ್ಬರ್ ತುಂಡು ಇಡಿ ಎಂದು ಕೆಲವರು ಹೇಳಿದರು. ಅದನ್ನು ಮಾತ್ರ ಒಪ್ಪಲಿಲ್ಲ. ನೀರು, ಕಲ್ಲು, ಗಾಜು ಸೇರಿ ಮುನ್ನೂರು ಕಿಲೋ ದಾಟುವ ಭಾರ. ಒಂದು ಕಾಲು ಹೆಚ್ಚು ಕುಗ್ಗಿದರೂ ಗಾಜಿನ ಜೋಡಣೆಗೆ ಪೆಟ್ಟು. ಕಂಪನವನ್ನು ಅದು ಹುಟ್ಟುವ ಕಡೆಯೇ ತಡೆಯಬೇಕು.

ಬೆಳಗಿನ ಜಾವದ ಹೀರುವ ಸದ್ದು ಬಿಸಿಲುಗಾಲದ್ದು. ಬಿಸಿ ಇಳಿಸಲು ಫ್ಯಾನ್ ಹಾಕಿದ್ದರಿಂದ ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತಿತ್ತು. ಮೇಲಿನ ತೊಟ್ಟಿಯ ಮಟ್ಟ ಬದಲಾಗುವುದಿಲ್ಲ. ಕೊರತೆಯೆಲ್ಲ ಸಂಪ್‌ನಲ್ಲಿ ಪಂಪಿರುವ ಕೋಣೆಯಲ್ಲೇ ಕಾಣಿಸಿಕೊಳ್ಳುತ್ತದೆ. ಸಂಜೆ ಸುರಿದ ನೀರು ಬೆಳಗಾಗುವಷ್ಟರಲ್ಲಿ ಇಳಿದು ಪಂಪು ಗಾಳಿ ನುಂಗುತ್ತಿತ್ತು. ಮಟ್ಟ ಇಳಿದಂತೆ ತಾನೇ ಸಿಹಿನೀರು ತುಂಬುವ ಸಾಧನ ಹಾಕಿದೆ. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ತುಂಬಬೇಕಾದ್ದು ಸಿಹಿನೀರೇ. ಇದರಿಂದ ನೀರಿನ ಉಪ್ಪಿನ ಅಳತೆಯೂ ಸ್ಥಿರವಾಯಿತು.

ಸ್ಕಿಮ್ಮರಿನ ಗಾಳಿಕೊಳವೆಗೆ ಉದ್ದನೆಯ ಟ್ಯೂಬ್ ಜೋಡಿಸಿ ಕಿಟಕಿಯಾಚೆಗೆ ಹಾಯಿಸಿದೆ. ಸುಯ್ ಎನ್ನುವುದು ಹೊರಗೆ ಹೋಯಿತು. ಮುಚ್ಚಿದ ಮನೆಯ ಗಾಳಿಗಿಂತ ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದ್ದರಿಂದ ಬೆಳಗಿನ ಪಿಎಚ್ ಕೂಡ ಸ್ವಲ್ಪ ಮೇಲೇ ನಿಂತಿತು. ಸಂಪ್‌ನಲ್ಲಿ ಕೀಟೊಮಾರ್ಫ ಎಂಬ ನೂಲಿನಂಥ ಪಾಚಿ ಬೆಳೆಸಿ, ಮೇಲಿನ ದೀಪ ಆರಿದಾಗ ಅದರ ದೀಪ ಹತ್ತುವಂತೆ ಮಾಡಿದ್ದೇನೆ. ಪಂಪು ನಿಲ್ಲಿಸಲು ಬಳಸಿದ್ದ ಅದೇ ಟೈಮರ್ ಈಗ ಆ ಕೆಲಸಕ್ಕಿದೆ. ವೇವ್‌ಮೇಕರ್ ಮುಖ ಮೇಲಕ್ಕೆ, ನೀರಿನ ಮೈ ನಡುಗುವಷ್ಟು, ಗುಳ್ಳೆ ಎಳೆಯುವಷ್ಟಲ್ಲ.

ಇಷ್ಟೆಲ್ಲ ಮಾಡುವಾಗ ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸದ್ದನ್ನು ನಾನು ನಮ್ಮ ಕಿವಿಯಿಂದಷ್ಟೇ ಅಳೆದಿದ್ದೆ. ಕಡಲೊಳಗಿನ ಹವಳದಿಬ್ಬ ರಾತ್ರಿ ಮೌನವಾಗಿರುವ ಜಾಗವೇ ಅಲ್ಲ. ಸಿಗಡಿಗಳ ಚಿಟಿಚಿಟಿ, ಮೀನುಗಳ ಗುಟುರು ಅಲ್ಲಿ ತುಂಬಿರುತ್ತದೆ. ಸ್ಟೀವನ್ ಸಿಂಪ್ಸನ್ ಮತ್ತು ಸಂಗಡಿಗರು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ದಿಬ್ಬದ ಸದ್ದನ್ನು ಧ್ವನಿಮುದ್ರಿಸಿ ಕೇಳಿಸಿದ ಕೃತಕ ದಿಬ್ಬಗಳಿಗೆ ಮರಿಮೀನುಗಳು ಹೆಚ್ಚು ಸಂಖ್ಯೆಯಲ್ಲಿ ಬಂದು ನೆಲೆಸಿದವು. ಕ್ಲೌನ್ ಮೀನು ತಾನೇ ದವಡೆಯ ಹಲ್ಲುಗಳನ್ನು ಬಡಿದು ಟಕಟಕ ಸದ್ದು ಮಾಡುತ್ತದೆ ಎಂದು ಎರಿಕ್ ಪಾರ್ಮಾಂಟಿಯೆ ಮತ್ತಿತರರು 2007ರಲ್ಲಿ ತೋರಿಸಿದರು. ಒಂದು ಇನ್ನೊಂದನ್ನು ಗದರುವುದು, ಗೂಡಿನ ಬಳಿ ಬಂದವರನ್ನು ಓಡಿಸುವುದು ಈ ಸದ್ದಿನಲ್ಲೇ. ಅಂಥ ಜೀವಿಗಳ ನೀರಿನೊಳಗೆ ನಾನು 100 ಹರ್ಟ್ಸಿನ ಗುಂಯ್ ಅನ್ನು ವರ್ಷಗಟ್ಟಲೆ ಬಿಟ್ಟಿದ್ದೆ. ಪಂಪಿಗೆ ಮೆದು ಪೈಪು ಹಾಕಿದ್ದು ಕೆಳಗಿನ ಮನೆಯವರಿಗಾಗಿ. ಅದು ಮೊದಲು ಸಲ್ಲಬೇಕಿದ್ದದ್ದು ತೊಟ್ಟಿಯ ಒಳಗಿದ್ದವರಿಗೆ.

ಬದುಕುಳಿದ ಕ್ಲೌನ್ ಜೋಡಿ ಆಮೇಲೆ ಕಲ್ಲಿನ ಬುಡದಲ್ಲಿ ಮೊಟ್ಟೆ ಇಟ್ಟಿತು. ಗಂಡು ರಾತ್ರಿಯೂ ರೆಕ್ಕೆಯಿಂದ ಅವಕ್ಕೆ ನೀರು ಬೀಸುತ್ತದೆ, ಮೊಟ್ಟೆಗೂ ಆಮ್ಲಜನಕ ಬೇಕಲ್ಲ. ಹೊಸ ಮೀನು ತರಲು ನಾನು ಬಹಳ ಕಾಲ ಹಿಂಜರಿದೆ. ತಂದಾಗ ಕಡಲಿನಿಂದ ಹಿಡಿದವನ್ನು ಬಿಟ್ಟು ಮರಿಮಾಡಿಸಿದವನ್ನೇ ಹುಡುಕಿದೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳನ್ನು ಮರಿಮಾಡಿಸುವ ವಿಧಾನವನ್ನು ಎಂದೋ ಸಿದ್ಧಪಡಿಸಿದ್ದಾರೆ.

ಈಗಲೂ ಪೂರ್ತಿ ಬಗೆಹರಿಯದ್ದು ಬೇಸಿಗೆಯ ಫ್ಯಾನ್. ಅದನ್ನು ನಿಲ್ಲಿಸಿದರೆ ನೀರು ಕಾಯುತ್ತದೆ, ಓಡಿಸಿದರೆ ಸಣ್ಣದಾಗಿ ಭರ್ರೆನ್ನುತ್ತದೆ. ದೊಡ್ಡ ರೆಕ್ಕೆಯ ಫ್ಯಾನನ್ನು ನಿಧಾನ ತಿರುಗಿಸುವುದು ಸದ್ಯಕ್ಕೆ ಸಿಕ್ಕ ಉತ್ತರ. ಕರೆಂಟ್ ಹೋದಾಗಿನ ಬ್ಯಾಟರಿ ಏರ್ ಪಂಪಂತೂ ಕಿರುಚುತ್ತದೆ, ಅದು ಕಿರುಚಲಿ.

ಕಳೆದ ತಿಂಗಳು ಕಚೇರಿಯ ಗೆಳೆಯರೊಬ್ಬರು ಮಲಗುವ ಕೋಣೆಗೇ ಕಡಲನೀರಿನ ತೊಟ್ಟಿ ಮಾಡಿಸಬೇಕೆಂದು ಸಲಹೆ ಕೇಳಿದರು. ಮೀನಿನ ಬಗ್ಗೆ, ದೀಪದ ಬಗ್ಗೆ ಪಟ್ಟಿ ತಂದಿದ್ದರು. ತಳದ ಗಾಜಿಗೆ ಎಷ್ಟು ತೂತು ಹೇಳಿದ್ದೀರಿ ಎಂದು ಕೇಳಿದೆ. ಒಂದು ಎಂದರು. ಇಳಿಯುವುದಕ್ಕೇ ಎರಡಿರಲಿ, ಜಾಗವಿದ್ದರೆ ಮೂರು, ಪಂಪಿನದು ಅಂಚಿನ ಮೇಲಿಂದ ಬರಲಿ ಎಂದೆ. ನೀರು ತುಂಬಿದ ತೊಟ್ಟಿಗೆ ಆಮೇಲೆ ತೂತು ಕೊರೆಯಲಾಗುವುದಿಲ್ಲ. ತಳಕ್ಕೆ ಟಫನ್ಡ್ ಗಾಜು ಹಾಕಿದ್ದರೆ ಖಾಲಿ ಮಾಡಿದರೂ ಆಗುವುದಿಲ್ಲ. ತೊಟ್ಟಿ ಮನೆಗೆ ಬಂದ ಮೇಲೆ ಹಗಲಿನಲ್ಲೇ ಪ್ಲಗ್ ಕಿತ್ತು, ಮೇಲಿನಿಂದ ಇಳಿದ ನೀರೆಲ್ಲ ಸಂಪ್‌ನಲ್ಲಿ ಹಿಡಿಸುತ್ತದೆಯೇ, ಮತ್ತೆ ಹಾಕಿದಾಗ ಸೈಫನ್ ತಾನಾಗಿ ಹಿಡಿಯುತ್ತದೆಯೇ ಎಂದು ಹಲವು ಸಲ ನೋಡಿ, ಆಮೇಲೆ ಮೀನು ತನ್ನಿ ಎಂದೆ. ಅವರು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿದರು.